ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಗಂಡ ಕ್ಲೈಂಟ್‌ಗಳಿಗೆಲ್ಲ ಫೋನ್ ಮಾಡಿದರು. ಈಗ ಏನು ಮಾಡಲಿ?

ಎರಡನೇ ಮಹಡಿ ಕೇಳಿದ್ದು:

ನಮಸ್ಕಾರ. ನಾನು ಸೈಕಾಲಜಿಸ್ಟ್. ಸ್ವಂತ ಪ್ರಾಕ್ಟೀಸ್ ಶುರು ಮಾಡಿ ಆರು ವರ್ಷ ಆಯಿತು. ಒಂದು ಕೋಣೆ, ಎರಡು ಕುರ್ಚಿ, ಬೀಗ ಹಾಕುವ ಒಂದು ಕಪಾಟು. ಸಹಾಯಕ್ಕೆ ಯಾರೂ ಇಲ್ಲ. ಫೋನ್ ಎತ್ತುವವಳೂ ನಾನೇ, ಕಸ ಗುಡಿಸುವವಳೂ ನಾನೇ.

ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬರುವ ಕ್ಲೈಂಟ್‌ಗಳ ಕೆಲಸ, ವಾರ, ಸಮಯ, ಮೆಸೇಜಿನ ಮಾತು ಎಲ್ಲ ಬದಲಾಯಿಸಿ ಬರೆದಿದ್ದೇನೆ. ಅವರೇ ಓದಿದರೂ ತಮ್ಮದು ಅಂತ ಗುರುತು ಹಿಡಿಯಬಾರದು, ಅಷ್ಟು.

ಕೆಲವು ವಾರದ ಹಿಂದೆ ಒಂದು ಭಾನುವಾರ ರಾತ್ರಿ ಹೊಟ್ಟೆನೋವು ಬಂತು. ಗ್ಯಾಸ್ ಇರಬೇಕು ಅಂತ ಬಿಸಿನೀರು ಕುಡಿದು ಮಲಗಿದೆ. ಬೆಳಗಿನ ಜಾವ ನಾಲ್ಕಕ್ಕೆ ಆಸ್ಪತ್ರೆಯಲ್ಲಿದ್ದೆ. ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಯಿತು. ಸೋಂಕು ಹರಡಿದ್ದರಿಂದ ಹತ್ತು ದಿನ ಅಲ್ಲೇ ಇರಬೇಕಾಯಿತು.

ಆ ಸೋಮವಾರ ನನಗೆ ನಾಲ್ಕು ಸೆಷನ್ ಇತ್ತು. ಇಡೀ ವಾರಕ್ಕೆ ಹದಿನಾಲ್ಕು.

ನನಗೆ ಪೂರ್ತಿ ಎಚ್ಚರ ಆಗುವ ಹೊತ್ತಿಗೆ ನನ್ನ ಗಂಡ ಕೆಲಸ ಮುಗಿಸಿಬಿಟ್ಟಿದ್ದರು. ನನ್ನ ಬ್ಯಾಗಿನಿಂದ ಡೈರಿ ತೆಗೆದು, ಆ ವಾರದ ಪುಟ ಬಿಡಿಸಿಕೊಂಡು, ಒಬ್ಬೊಬ್ಬರಿಗೂ ಫೋನ್ ಮಾಡಿದ್ದರು. ನನ್ನ ಫೋನಿಗೆ ಲಾಕ್ ಇತ್ತು, ಹಾಗಾಗಿ ತಮ್ಮ ಫೋನಿನಿಂದಲೇ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತುಕೊಂಡು. "ಎಲ್ಲರಿಗೂ ಹೇಳಿಬಿಟ್ಟಿದ್ದೀನಿ, ನೀನು ಅದರ ಚಿಂತೆ ಬಿಡು" ಅಂತ ತಲೆ ಸವರಿದರು. ಥ್ಯಾಂಕ್ಸ್ ಹೇಳಬೇಕೋ ಕಿರುಚಬೇಕೋ ಗೊತ್ತಾಗಲಿಲ್ಲ. ಬಾಯಲ್ಲಿ ಪಸೆ ಇರಲಿಲ್ಲ, ಹಾಗಾಗಿ ಎರಡೂ ಆಗಲಿಲ್ಲ.

ಡೈರಿಯಲ್ಲಿ ನಾನು ಪೂರ್ತಿ ಹೆಸರು ಬರೆಯುವುದಿಲ್ಲ. ಎರಡಕ್ಷರ, ಸಮಯ, ಫೋನ್ ನಂಬರ್. ಇಷ್ಟು ಜೋಪಾನ ಸಾಕು ಅಂತ ಆರು ವರ್ಷ ನಂಬಿಕೊಂಡಿದ್ದೆ. ಆದರೆ ಗುರುವಾರ ಸಂಜೆ ಐದು ಗಂಟೆಯವರ ನಂಬರ್ ಒತ್ತುತ್ತಿದ್ದ ಹಾಗೇ, ಕೊನೆಯ ಅಂಕಿ ಮುಗಿಯುವಷ್ಟರಲ್ಲಿ, ಇವರ ಫೋನಿನಲ್ಲಿ ಹೆಸರು ಬಂತಂತೆ. ಫೋಟೋ ಸಮೇತ. ಆಕೆ ಇವರದೇ ಆಫೀಸಿನ ಅಕೌಂಟ್ಸ್ ವಿಭಾಗದವರು. ನಂಬರ್ ಮೊದಲೇ ಸೇವ್ ಆಗಿತ್ತು.

ಗಾಬರಿಯಾಗಿ ಕಟ್ ಮಾಡಿದ್ದಾರೆ. ಅಷ್ಟರಲ್ಲಿ ಎರಡು ರಿಂಗ್ ಹೋಗಿದೆ. ಐದು ನಿಮಿಷಕ್ಕೆ ಆಕೆಯೇ ವಾಪಸ್ ಮಾಡಿದರಂತೆ. "ಸರ್, ಫೋನ್ ಮಾಡಿದ್ರಾ?" ಇವರು "ಇಲ್ಲ ಇಲ್ಲ, ಕೈ ತಾಗಿ ಹೋಗಿರಬೇಕು" ಅಂದರಂತೆ. ಹಾಗಾಗಿ ಆಕೆಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಗುರುವಾರ ಐದಕ್ಕೆ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದಾರೆ. ಐದೂಕಾಲಿಗೆ ನನಗೊಂದು ಮೆಸೇಜ್: "ಮೇಡಂ, ಇವತ್ತು ಇದೆ ಅಲ್ವಾ?" ಆರಕ್ಕೆ ಇನ್ನೊಂದು: "ಪರವಾಗಿಲ್ಲ." ಆ 'ಪರವಾಗಿಲ್ಲ'ವನ್ನು ನಾನು ನೋಡಿದ್ದು ಫೋನ್ ಕೈಗೆ ತೆಗೆದುಕೊಂಡ ಮೇಲೆ, ಒಂದು ವಾರ ಕಳೆದು.

ನಾನು ಇವರ ಹೆಂಡತಿ ಅಂತ ಆಕೆಗೆ ಗೊತ್ತಿಲ್ಲ. ಆಕೆ ಇವರ ಆಫೀಸಿನವರು ಅಂತ ನನಗೆ ಮೂರನೇ ಸೆಷನ್‌ನಲ್ಲೇ ಗೊತ್ತಾಗಿತ್ತು. ವಿಭಾಗ ಬೇರೆ, ಮಹಡಿ ಬೇರೆ, ಮನೆಯಲ್ಲಿ ನಾವು ಆಫೀಸಿನ ಮಾತು ಆಡುವುದೂ ಕಮ್ಮಿ. ಹಾಗಾಗಿ ಬಿಟ್ಟಿದ್ದೆ.

ಉಳಿದವರದ್ದು ಸಲೀಸಾಗಿ ಆಗಿದೆ. ಒಬ್ಬರ ಫೋನನ್ನು ಅವರ ಗಂಡ ಎತ್ತಿದರಂತೆ. "ಕೌನ್ಸೆಲಿಂಗ್ ಮೇಡಂಗೆ ಹುಷಾರಿಲ್ಲ, ಈ ವಾರ ಬರೋದು ಬೇಡ ಅಂತ ಹೇಳಿಬಿಡಿ" ಅಂತ ಇವರು ಹೇಳಿ ಇಟ್ಟರಂತೆ. ಇನ್ನಿಬ್ಬರು ಬೇಗ ಹುಷಾರಾಗಿ ಅಂತ ಮೆಸೇಜ್ ಕಳಿಸಿದ್ದಾರೆ.

ಮೊನ್ನೆ ಗುರುವಾರ ನಾನು ವಾಪಸ್ ಕೆಲಸಕ್ಕೆ ಕೂತ ಮೇಲೆ ಆಕೆ ಒಂದು ಸಲ ಬಂದರು. ಆಪರೇಷನ್ ಆಗಿತ್ತು ಅಂತ ಹೇಳಿದೆ, ಬಾಗಿಲಲ್ಲಿ ಕಾಯಿಸಿದ್ದಕ್ಕೆ ಕ್ಷಮೆ ಕೇಳಿದೆ. ಇನ್ನೊಂದು ವಿಷಯ ನಾಲಿಗೆ ತುದಿಯವರೆಗೆ ಬಂದು ವಾಪಸ್ ಹೋಯಿತು. ಐವತ್ತು ನಿಮಿಷ ಆಕೆ ಮಾತಾಡಿದರು. ನಾನು ಮಾತ್ರ ಇಡೀ ಹೊತ್ತು ಲಿಫ್ಟಿನ ಬಗ್ಗೆ ಯೋಚಿಸುತ್ತಿದ್ದೆ. ಇವರಿಬ್ಬರೂ ದಿನಾ ಒಂದೇ ಲಿಫ್ಟಿನಲ್ಲಿ ಹೋಗುತ್ತಾರೆ.

ನನ್ನ ಗಂಡ ಯಾರಿಗೂ ಬಾಯಿ ಬಿಡುವವರಲ್ಲ. ಅದರಲ್ಲಿ ನನಗೆ ಅನುಮಾನ ಇಲ್ಲ. ಪ್ರಶ್ನೆ ಇಷ್ಟೇ: ಆಕೆಗೆ ಹೇಳಬೇಕಾ, ಬೇಡವಾ? ನನ್ನ ಸೂಪರ್‌ವೈಸರ್, ಅಂದರೆ ಕೆಲಸದಲ್ಲಿ ಇಂಥ ತೊಡಕು ಬಂದಾಗ ನಾನು ಹೋಗಿ ಕೇಳುತ್ತಿದ್ದ ಹಿರಿಯರು, ತೀರಿಕೊಂಡು ಎರಡು ವರ್ಷ ಆಯಿತು. ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತೇನೆ ಅಂತ ಮುಂದೂಡುತ್ತಲೇ ಬಂದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

---

ನಿಂಬೆಹುಳಿ ಬರೆದದ್ದು:

ಹೇಳಬೇಡಿ.

ಹನ್ನೊಂದು ವರ್ಷದಿಂದ ಕೌನ್ಸೆಲಿಂಗ್ ಮಾಡುತ್ತಿದ್ದೇನೆ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ಹೇಳಿದರೆ ನಿಮ್ಮ ಎದೆ ಹಗುರ ಆಗುತ್ತದೆ, ಆಕೆಯ ಎದೆ ಭಾರ ಆಗುತ್ತದೆ. ನಾಳೆಯಿಂದ ಆಫೀಸಿಗೆ ಹೋಗುವಾಗೆಲ್ಲ ಆಕೆ ನಿಮ್ಮ ಯಜಮಾನರ ಮುಖ ನೋಡುತ್ತಾರೆ. ಮುಂಚೆ ಇಲ್ಲದ ಮುಜುಗರ ಒಂದನ್ನು ನೀವೇ ಹುಟ್ಟುಹಾಕಿದ ಹಾಗೆ. ನಿಮ್ಮ ಯಜಮಾನರಿಗೆ ತಿಳಿದದ್ದು ಏನು? ಆಕೆ ಬರುತ್ತಾರೆ ಅನ್ನುವುದು ಮಾತ್ರ. ಏನು ಮಾತಾಡುತ್ತಾರೆ ಅನ್ನುವುದಲ್ಲ. ಕ್ಲೈಂಟ್‌ಗೆ ಹಾನಿ ಮಾಡಬಾರದು ಅನ್ನುವುದು ಮೊದಲ ಪಾಠ. ಹೇಳುವುದೇ ಇಲ್ಲಿ ಹಾನಿ.

ನಿಮ್ಮ ತಪ್ಪಿನ ಭಾರ ನೀವೇ ಹೊತ್ತುಕೊಳ್ಳಿ. ಅದಕ್ಕೂ ಸೇರಿಯೇ ನಮಗೆ ಫೀಸು ಕೊಡುವುದು.

---

ಪುಟ ತಿರುವಿ ಬರೆದದ್ದು:

ನಾನಿನ್ನೂ ವಿದ್ಯಾರ್ಥಿ, ತಪ್ಪಿದ್ದರೆ ತಿದ್ದಿ. ಗೌಪ್ಯತೆ ಅಂದ ಕೂಡಲೇ ನಮಗೆ ಪಾಠ ಮಾಡುವುದು ತರಾಸಾಫ್ ಕೇಸು. ಅಮೆರಿಕದಲ್ಲಿ ಒಬ್ಬ ವಿದ್ಯಾರ್ಥಿ ತಾನು ಒಬ್ಬ ಹುಡುಗಿಯನ್ನು ಕೊಲ್ಲುತ್ತೇನೆ ಅಂತ ಸೈಕಾಲಜಿಸ್ಟ್ ಹತ್ತಿರ ಹೇಳಿದ್ದ. ಸೈಕಾಲಜಿಸ್ಟ್ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಆ ಹುಡುಗಿಗಾಗಲೀ ಮನೆಯವರಿಗಾಗಲೀ ಯಾರೂ ಎಚ್ಚರಿಕೆ ಕೊಡಲಿಲ್ಲ. 1969ರಲ್ಲಿ ಅವನು ಕೊಂದೇಬಿಟ್ಟ. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಅಪಾಯದಲ್ಲಿರುವ ಮೂರನೆಯವರನ್ನು ಕಾಪಾಡುವ ಹೊಣೆಯೂ ಚಿಕಿತ್ಸೆ ಕೊಡುವವರ ಮೇಲಿದೆ ಅಂತ ತೀರ್ಪು ಕೊಟ್ಟಿತು. ಅಂದರೆ ಗುಟ್ಟು ಒಡೆಯಲು ಜೀವಕ್ಕೆ ಅಪಾಯ ಇರುವಂಥ ಕಾರಣ ಬೇಕು. ನಿಮ್ಮ ಕೇಸಿನಲ್ಲಿ ಅಂಥ ಕಾರಣ ಇರಲಿಲ್ಲ. ಹಾಗಾಗಿ ಇದು ಉಲ್ಲಂಘನೆ ಅಲ್ವಾ?

---

ಎರಡನೇ ಮಹಡಿ ಬರೆದದ್ದು:

ಉಲ್ಲಂಘನೆಯೇ. ಆ ಬಗ್ಗೆ ನನಗೆ ಗೊಂದಲ ಇಲ್ಲ. ಆದರೆ ತರಾಸಾಫ್, ಹೇಳಬೇಕೋ ಬೇಡವೋ ಅಂತ ಯೋಚಿಸಿ ನಿರ್ಧರಿಸುವವರ ಕಥೆ. ನಾನು ಏನೂ ನಿರ್ಧರಿಸಲಿಲ್ಲ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ.

---

ಹಳೇ ಕುರ್ಚಿ ಬರೆದದ್ದು:

ಮೇಡಂ, ಮೊದಲು ಆರೋಗ್ಯ ನೋಡಿಕೊಳ್ಳಿ. ಅಪೆಂಡಿಕ್ಸ್ ಒಡೆದ ಮೇಲೆ ಇಷ್ಟು ಬೇಗ ವಾಪಸ್ ಕೂತಿದ್ದು ನನಗೆ ಸರಿ ಕಾಣಲಿಲ್ಲ. ನೋವಿನಲ್ಲಿ ಕೂತು ಇನ್ನೊಬ್ಬರ ನೋವು ಕೇಳುವುದಕ್ಕೆ ಆಗುವುದಿಲ್ಲ. ಸುಮ್ಮನೆ ಉಪದೇಶ ಅನ್ನಬೇಡಿ, ಇದೂ ನಮ್ಮ ವೃತ್ತಿಯ ನೀತಿಸಂಹಿತೆಗಳಲ್ಲಿ ಇದೆ.

ಈಗ ವಿಷಯ. ನೀವು ಗುರುವಾರದವರ ಬಗ್ಗೆ ಇಷ್ಟುದ್ದ ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. "ಒಬ್ಬರ ಫೋನನ್ನು ಅವರ ಗಂಡ ಎತ್ತಿದರಂತೆ." ಅದನ್ನು 'ಸಲೀಸಾಗಿ ಆಗಿದೆ' ಅನ್ನುವುದರ ಕೆಳಗೆ ಹಾಕಿದ್ದೀರಿ! ಆಕೆ ನಿಮ್ಮ ಹತ್ತಿರ ಬರುವುದು ಆ ಮನೆಯಲ್ಲಿ ಗೊತ್ತಿತ್ತಾ? ಆ ಫೋನ್ ಆದ ಮೇಲೆ ಆಕೆ ಬಂದಿದ್ದಾರಾ? ಗುರುವಾರದವರ ವಿಷಯ ನಾಲ್ಕು ದಿನ ಕಾಯುತ್ತದೆ. ಇದು ಕಾಯುವಂಥದ್ದಲ್ಲ. ಮನೆಯಲ್ಲಿ ಹೇಳದೆ ಬರುವವರಿಗೆ ಹೇಳದಿರಲು ಕಾರಣ ಇರುತ್ತದೆ. ಆ ಕಾರಣ ಕೆಲವೊಮ್ಮೆ ಕೈ ಎತ್ತುವ ಗಂಡನೂ ಆಗಿರಬಹುದು. ಇವತ್ತೇ ನೋಡಿ. ಆದರೆ ಅದೇ ನಂಬರಿಗೆ ದಡಬಡ ಫೋನ್ ಮಾಡಬೇಡಿ. ಎರಡನೇ ಸಲವೂ ಅವರೇ ಎತ್ತಬಹುದು.

ಆಮೇಲೆ, ನಿಮ್ಮ ಯಜಮಾನರನ್ನು ಬೈಯಬೇಡಿ. ಮನೆಗೆ ಬೆಂಕಿ ಬಿದ್ದಾಗ ಕೈಗೆ ಸಿಕ್ಕ ಕೊಡದಲ್ಲಿ ನೀರು ತಂದವರು ಅವರು. ಕೊಡ ಎಲ್ಲಿದೆ ಅಂತ ಮೊದಲೇ ತೋರಿಸಿಡಬೇಕಿದ್ದವರು ನೀವು. ಅವರು ಒಳ್ಳೆಯವರು, ಬಾಯಿ ಬಿಡುವುದಿಲ್ಲ, ಒಪ್ಪಿದೆ. ಆದರೆ ಯಾವ ಸಂಹಿತೆಯೂ ಅವರನ್ನು ಕಟ್ಟಿಹಾಕಿಲ್ಲ. ಕ್ಲೈಂಟ್ ನಂಬಿ ಬಂದದ್ದು ನಿಮ್ಮನ್ನು.

ಇದು ಹೊಸ ವಿಷಯವೇನಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆ ನೋಡಿ. ಅಲ್ಲಿ 3.12 ಅನ್ನುವ ನಿಯಮ ಇದೆ. ನಮಗೆ ಕಾಯಿಲೆ ಬಂದರೆ, ನಾವು ಸತ್ತರೆ, ಊರು ಬಿಟ್ಟರೆ, ನಿವೃತ್ತರಾದರೆ ಸೇವೆ ಹೇಗೆ ಮುಂದುವರಿಯಬೇಕು ಅಂತ ಮೊದಲೇ ಯೋಜನೆ ಮಾಡಿಡಿ ಅನ್ನುತ್ತದೆ. 6.02ರಲ್ಲಿ ಫೈಲುಗಳದ್ದೂ ಹಾಗೇ: ನೀವು ಕೆಲಸದಿಂದ ಸರಿದರೆ ಅವು ಯಾರ ಕೈಗೆ ಹೋಗಬೇಕು, ಗುಟ್ಟು ಹೇಗೆ ಉಳಿಯಬೇಕು ಅಂತ ಮುಂಚೆಯೇ ಗೊತ್ತು ಮಾಡಿರಬೇಕು. ನೀವು ನೋಂದಾಯಿಸಿಕೊಂಡ ಕಡೆಯ ನಿಯಮ ಬೇರೆ ಇರಬಹುದು, ಅದನ್ನೇ ಪಾಲಿಸಿ. ಹೇಳುವುದು ಹೆಚ್ಚುಕಮ್ಮಿ ಇದನ್ನೇ. ಓದುವಾಗ ಈ ನಿಯಮಗಳನ್ನು ನಾವೆಲ್ಲ ಹಾರಿಸಿಬಿಡುತ್ತೇವೆ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಯಾರಿಗೆ ತಾನೇ ಸಾಯುವ ಯೋಚನೆ ಇರುತ್ತದೆ?

ನಾನು ಮಾಡಿಟ್ಟಿರುವುದನ್ನು ಹೇಳುತ್ತೇನೆ. ಒಂದು ಲಕೋಟೆ, ಅಂಟಿಸಿದ್ದು. ಅದು ನಮ್ಮ ಮನೆಯಲ್ಲಿ ಇಲ್ಲ, ನನ್ನ ಹಾಗೇ ಪ್ರಾಕ್ಟೀಸ್ ಮಾಡುವ ಒಬ್ಬ ಗೆಳತಿಯ ಕಪಾಟಿನಲ್ಲಿದೆ. ಒಳಗೆ ನನ್ನ ಕೋಣೆಯ ಬೀಗದ ಕೈ, ಕಂಪ್ಯೂಟರಿನ ಪಾಸ್‌ವರ್ಡ್, ಈಗ ಬರುತ್ತಿರುವವರ ಪಟ್ಟಿ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂರು ವಿಷಯ ಇದೆ. ಯಾವ ನಂಬರಿಗೆ ಮಾಡಬಹುದು. ಬೇರೆಯವರು ಎತ್ತಿದರೆ ಏನನ್ನಬೇಕು. ಮೆಸೇಜ್ ಬಿಡಬಹುದಾ ಇಲ್ಲವಾ. ಇದನ್ನು ಮೊದಲ ದಿನವೇ ಕ್ಲೈಂಟ್ ಹತ್ತಿರ ಕೇಳಿ ಬರೆದುಕೊಳ್ಳುತ್ತೇನೆ. ಒಬ್ಬರು "ಟೈಲರ್ ಅಂಗಡಿಯಿಂದ ಅನ್ನಿ" ಅಂದಿದ್ದರು. ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. "ಬರೀ ನನ್ನ ಹೆಸರು ಹೇಳಿ ಇಡುತ್ತೇನೆ, ಏನು ಕೆಲಸ ಅಂತ ಹೇಳುವುದಿಲ್ಲ" ಅಂತ ಇಬ್ಬರೂ ಒಪ್ಪಿಕೊಂಡೆವು.

ಫೋನಿನಲ್ಲಿ ಹೇಳಬೇಕಾದ ವಾಕ್ಯವನ್ನೂ ಬರೆದಿಟ್ಟಿದ್ದೇನೆ. "ಈ ವಾರದ ನಿಮ್ಮ ಭೇಟಿ ಇಲ್ಲ, ಮುಂದಿನದನ್ನು ಇಂಥ ದಿನದೊಳಗೆ ತಿಳಿಸುತ್ತೇವೆ." ಮುಗಿಯಿತು. ನನ್ನ ಹೊಟ್ಟೆಯ ಕಥೆಯೂ ಬೇಡ. ಎಷ್ಟೋ ಕ್ಲೈಂಟ್‌ಗಳು ಆ ಕಥೆ ಕೇಳಿದರೆ ನಮ್ಮನ್ನೇ ನೋಡಿಕೊಳ್ಳಲು ಶುರು ಮಾಡುತ್ತಾರೆ.

ನಮ್ಮ ಮನೆಯವರಿಗೆ ಗೊತ್ತಿರುವುದು ಒಂದೇ ಫೋನ್ ನಂಬರ್. ಆ ಗೆಳತಿಯದು. ನನಗೇನಾದರೂ ಆದರೆ ಅವರು ಮಾಡಬೇಕಾದದ್ದು ಆ ಒಂದು ಫೋನು. ಡೈರಿ ಮುಟ್ಟುವ ಹಾಗಿಲ್ಲ.

---

ಕಾಯುವ ಕೋಣೆ ಬರೆದದ್ದು:

ನಾನು ಸೈಕಾಲಜಿಸ್ಟ್ ಅಲ್ಲ. ಕ್ಲೈಂಟ್ ಆಗಿದ್ದವಳು. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಹಳೇ ಕುರ್ಚಿ ಅವರ ಲಕೋಟೆಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ನಾಲ್ಕು ವರ್ಷ ಒಬ್ಬರ ಹತ್ತಿರ ಹೋಗುತ್ತಿದ್ದೆ. ವಯಸ್ಸಾದವರು, ತುಂಬಾ ಒಳ್ಳೆಯವರು. ಒಂದು ದಿನ ಫೋನ್ ಬಂತು. ಗಂಡಸಿನ ದನಿ. "ನಾನು ಅವರ ಮಗ. ಅಮ್ಮ ಹೋಗಿ ಹದಿನೈದು ದಿನ ಆಯಿತು. ನಿಮ್ಮದೊಂದು ಫೈಲ್ ಇದೆ, ಬಂದು ತಗೊಂಡು ಹೋಗ್ತೀರಾ?" ಅವರು ತೀರಿಕೊಂಡದ್ದು ನನಗೆ ತಿಳಿದದ್ದೇ ಹಾಗೆ. ಅದೇ ವಾಕ್ಯದಲ್ಲಿ ಫೈಲಿನ ಮಾತೂ ಬಂತು.

ಹೋದೆ. ಹಾಲ್‌ನಲ್ಲಿ ಒಂದು ರಟ್ಟಿನ ಡಬ್ಬದಲ್ಲಿ ಎಲ್ಲ ಫೈಲುಗಳನ್ನೂ ನಿಲ್ಲಿಸಿ ಜೋಡಿಸಿದ್ದರು. ಬೆನ್ನಿನ ಮೇಲೆ ಹೆಸರುಗಳು, ಅವರದೇ ಕೈಬರಹ. ನನ್ನದರ ಪಕ್ಕದ ಹೆಸರೂ ಓದಿದೆ. ಕಣ್ಣು ಹೋಗೇ ಹೋಗುತ್ತದೆ. ಅಂದರೆ ನನಗಿಂತ ಮುಂಚೆ ಬಂದವರು ನನ್ನ ಹೆಸರನ್ನೂ ಓದಿರುತ್ತಾರೆ. "ನಾನು ಯಾವುದನ್ನೂ ತೆರೆದಿಲ್ಲ" ಅಂದರು ಆ ಮಗ. ನಂಬಿದೆ. ಇವತ್ತಿಗೂ ನಂಬುತ್ತೇನೆ. ಆದರೂ ಆಮೇಲೆ ಅವರು ಎದುರಿಗೆ ಸಿಕ್ಕಾಗೆಲ್ಲ ದಾರಿ ಬದಲಿಸುತ್ತಿದ್ದೆ. ಆ ಫೈಲನ್ನು ಮನೆಗೆ ತಂದು ಏನು ಮಾಡಬೇಕು ಅಂತ ತಿಳಿಯದೆ ಚಳಿಗಾಲದ ಬಟ್ಟೆಯ ಕೆಳಗೆ ಇಟ್ಟಿದ್ದೆ.

ಅಳುವುದಕ್ಕೂ ಆಗಲಿಲ್ಲ ಗೊತ್ತಾ? ಅವರ ಮನೆಯಲ್ಲಿ ನಾನು ಯಾರು ಅಂತ ಅಳಲಿ?

ನಿಂಬೆಹುಳಿ ಅವರೇ, ನೀವು ಹೇಳಬೇಡಿ ಅಂದಿರಿ. ನನ್ನ ವಿಷಯ ಯಾರಿಗೆ ಗೊತ್ತಿದೆ ಅನ್ನುವುದೂ ನನ್ನ ವಿಷಯವೇ ಅಲ್ವಾ? ಎರಡನೇ ಮಹಡಿಯವರ ಗಂಡನಿಗೆ ಗೊತ್ತು, ಎರಡನೇ ಮಹಡಿಯವರಿಗೆ ಗೊತ್ತು, ಈಗ ಇಲ್ಲಿರುವ ನಮಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಆಕೆಗೆ ಒಬ್ಬರಿಗೇ. ಅದೂ ಅಲ್ಲದೆ, ಆ ಎರಡು ರಿಂಗ್ ಆಕೆಗೂ ಕೇಳಿಸಿದೆ. ಒಂದಲ್ಲ ಒಂದು ದಿನ ಆಫೀಸಿನ ಯಾವುದೋ ಫೋಟೋದಲ್ಲಿ ನಿಮ್ಮಿಬ್ಬರನ್ನೂ ಒಟ್ಟಿಗೆ ನೋಡುತ್ತಾರೆ. ಅವತ್ತು ಎರಡಕ್ಕೆ ಎರಡು ಸೇರಿಸಿ ನಾಲ್ಕು ಅಂತ ತಾನೇ ಲೆಕ್ಕ ಹಾಕುತ್ತಾರೆ. ಅಕೌಂಟ್ಸ್‌ನವರು ಬೇರೆ.

---

ನಿಂಬೆಹುಳಿ ಬರೆದದ್ದು:

ಮೇಲಿನದನ್ನು ಎರಡು ಸಲ ಓದಿದೆ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಫೀಸಿನ ಮಾತನ್ನಂತೂ ಖಂಡಿತ.

ಆದರೆ ವಾಪಸ್ ತೆಗೆದುಕೊಂಡು ಸುಮ್ಮನೆ ಹೋಗುವ ಜಾಯಮಾನ ನನ್ನದಲ್ಲ. ಹಳೇ ಕುರ್ಚಿಯವರು ಒಂದು ವಾಕ್ಯ ಹಿಡಿದರು, ನಾನು ಇನ್ನೊಂದು ಹಿಡಿಯುತ್ತೇನೆ. "ಮೂರನೇ ಸೆಷನ್‌ನಲ್ಲೇ ಗೊತ್ತಾಗಿತ್ತು. ಹಾಗಾಗಿ ಬಿಟ್ಟಿದ್ದೆ." ಮೇಡಂ, ಆಪರೇಷನ್ ಆಗದಿದ್ದರೂ ಈ ತೊಡಕು ಅಲ್ಲೇ ಕೂತಿತ್ತು. ಆಕೆ ಒಂದು ದಿನ ನಿಮ್ಮ ಕುರ್ಚಿಯಲ್ಲಿ ಕೂತು ಆಫೀಸಿನ ಒಬ್ಬರ ಬಗ್ಗೆ ದೂರು ಹೇಳಿದ್ದರೆ? ಆ ಒಬ್ಬರು ನಿಮ್ಮ ಯಜಮಾನರೇ ಆಗಿದ್ದರೆ? ಇಲ್ಲಾ, ಅವರ ವಿಭಾಗದಲ್ಲಿ ಕೆಲಸದಿಂದ ತೆಗೆಯುವ ಸುದ್ದಿ ನಿಮಗೆ ಊಟದ ಹೊತ್ತಲ್ಲಿ ಕಿವಿಗೆ ಬಿದ್ದಿದ್ದರೆ? ಮುಂದಿನ ಗುರುವಾರ ಯಾವ ಮುಖ ಇಟ್ಟುಕೊಂಡು ಕೂರುತ್ತಿದ್ದಿರಿ?

ಎರಡು ನಂಟಿನ ನಿಯಮ ಅಂದರೆ ಕ್ಲೈಂಟ್ ಜೊತೆ ಸ್ನೇಹ, ವ್ಯಾಪಾರ, ಪ್ರೇಮ ಬೇಡ ಅಂತ ಮಾತ್ರ ನಾವೆಲ್ಲ ನೆನಪಿಟ್ಟುಕೊಂಡಿರುತ್ತೇವೆ. ಅದೇ ಅಮೆರಿಕದ ಸಂಹಿತೆಯ 3.05 ತೆಗೆದು ನೋಡಿ. ಕ್ಲೈಂಟ್‌ಗೆ ಹತ್ತಿರದವರ ಜೊತೆ ನಮಗೆ ನಂಟು ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬೇರೆ ಮಹಡಿಯ ಸಹೋದ್ಯೋಗಿ ಅಷ್ಟು ಹತ್ತಿರದವರಾ ಅಂತ ನೀವು ವಾದ ಮಾಡಬಹುದು. ಸರಿ. ಎಲ್ಲ ಎರಡು ನಂಟೂ ತಪ್ಪಲ್ಲ ಅಂತ ಆ ನಿಯಮವೇ ಹೇಳುತ್ತದೆ. ನಮ್ಮ ನೋಟ ಕೆಡುವಂತಿದ್ದರೆ, ಕ್ಲೈಂಟ್‌ಗೆ ಹಾನಿಯೋ ಶೋಷಣೆಯೋ ಆಗುವಂತಿದ್ದರೆ ತಪ್ಪು. ಆದರೆ ಮೂರನೇ ಸೆಷನ್‌ನಲ್ಲಿ ನೀವು ಆ ಲೆಕ್ಕವನ್ನೇ ಹಾಕಲಿಲ್ಲ. ಹಾಕಿದ್ದರೂ ಒಬ್ಬರೇ ಹಾಕಿದಿರಿ. ಆಕೆಯನ್ನು ಕೇಳಲಿಲ್ಲ. ಅವತ್ತು "ನನ್ನ ಗಂಡ ಅಲ್ಲೇ ಕೆಲಸ ಮಾಡುತ್ತಾರೆ, ನಿಮಗೆ ಪರವಾಗಿಲ್ವಾ?" ಅಂತ ಒಂದು ಮಾತು ಕೇಳಿದ್ದರೆ ಇವತ್ತು ಈ ಪ್ರಶ್ನೆಯೇ ಇರುತ್ತಿರಲಿಲ್ಲ.

ಹಾಗಾಗಿ ಗುರುವಾರ ಫೋನಿನ ಕಥೆಯಿಂದ ಶುರು ಮಾಡಬೇಡಿ. ಫೋನಿನಿಂದ ಶುರು ಮಾಡಿದರೆ ತಪ್ಪು ನಿಮ್ಮ ಯಜಮಾನರದ್ದು ಅನ್ನಿಸುತ್ತದೆ. ಮೂರನೇ ಸೆಷನ್‌ನಿಂದ ಶುರು ಮಾಡಿ.

---

ಹಳೇ ಕುರ್ಚಿ ಬರೆದದ್ದು:

ಕಾಯುವ ಕೋಣೆ ಅವರೇ, ನೀವು ಬರೆದದ್ದು ಒಳ್ಳೆಯದಾಯಿತು. ಆ ಡಬ್ಬದ ವಿಷಯ ಓದಿ ಎದ್ದು ಹೋಗಿ ನನ್ನ ಕಪಾಟಿನ ಬೀಗ ನೋಡಿ ಬಂದೆ. ನನ್ನ ಫೈಲಿನ ಬೆನ್ನಿನ ಮೇಲೆ ನಂಬರ್ ಮಾತ್ರ ಇದೆ. ಹೆಸರು ಮತ್ತು ನಂಬರಿನ ಪಟ್ಟಿ ಬೇರೆ ಕಡೆ.

ನಿಂಬೆಹುಳಿ ಹೇಳಿದ್ದಕ್ಕೆ ನನ್ನದೂ ಸಹಿ. ಒಂದೇ ಮಾತು ಸೇರಿಸುತ್ತೇನೆ. ಕೆನಡಾದ ಮನಶ್ಶಾಸ್ತ್ರಜ್ಞರ ಸಂಹಿತೆಯಲ್ಲಿ ನಾಲ್ಕು ತತ್ವ ಇವೆ, ಅವಕ್ಕೆ ಮೇಲೆ ಕೆಳಗೆ ಅನ್ನುವ ಕ್ರಮವೂ ಇದೆ. ತತ್ವಗಳ ನಡುವೆ ಜಗಳ ಬಂದರೆ ಸಾಮಾನ್ಯವಾಗಿ ವ್ಯಕ್ತಿಯ ಘನತೆಗೆ ಹೆಚ್ಚು ತೂಕ. ಅವರ ಕ್ಷೇಮ ನೋಡಿಕೊಳ್ಳುವುದು ಅದರ ನಂತರ. ನನಗೆ ಈ ಕ್ರಮ ಇಷ್ಟ. ನಾವು ಎಷ್ಟೋ ಸಲ 'ಅವರ ಒಳ್ಳೆಯದಕ್ಕೇ' ಅಂತ ಅವರಿಂದ ಮುಚ್ಚಿಡುತ್ತೇವೆ. ಆಮೇಲೆ ನೋಡಿದರೆ ಅದು ನಮ್ಮ ಒಳ್ಳೆಯದಕ್ಕೆ ಆಗಿರುತ್ತದೆ.

ಹೇಳುವಾಗ ಅಳಬೇಡಿ. ಐದು ನಿಮಿಷದಲ್ಲಿ ಹೇಳಿ ಮುಗಿಸಿ, ಉಳಿದ ಹೊತ್ತು ಆಕೆಗೆ ಬಿಡಿ. ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಆಕೆಯ ತಲೆಗೆ ಬರಬಾರದು. ಬೇರೆಯವರ ಹತ್ತಿರ ಹೋಗಬೇಕು ಅಂದರೆ ಕೊಡಲು ಇಬ್ಬರ ಹೆಸರು ಕೈಯಲ್ಲಿರಲಿ. ಇರಬೇಕು ಅಂದರೆ ಆ ಇರುವಿಕೆ ಹೇಗೆ ಅಂತ ಒಟ್ಟಿಗೆ ಕೂತು ಮಾತಾಡಿ. ನಡೆದದ್ದನ್ನು, ಹೇಳಿದ್ದನ್ನು, ತಾರೀಖು ಹಾಕಿ ನೋಟ್ಸ್‌ನಲ್ಲಿ ಬರೆಯಿರಿ. ನಿಮಗೆ ಮುಜುಗರ ತರುವ ವಾಕ್ಯ ಅಂತ ಬಿಡಬೇಡಿ.

---

ಪುಟ ತಿರುವಿ ಬರೆದದ್ದು:

ಒಂದು ದಡ್ಡ ಪ್ರಶ್ನೆ. ಫೈಲುಗಳೇ ಇಷ್ಟು ತಲೆನೋವು ಅಂದರೆ, ಕ್ಲೈಂಟ್ ಬರುವುದು ನಿಲ್ಲಿಸಿದ ಕೂಡಲೇ ಹರಿದುಹಾಕಿದರೆ ಆಗಲ್ವಾ?

---

ಹಳೇ ಕುರ್ಚಿ ಬರೆದದ್ದು:

ಆಗಲ್ಲ. ಅವರು ಮತ್ತೆ ಬರಬಹುದು, ಬೇರೆಯವರ ಹತ್ತಿರ ಹೋಗಿ ಹಳೆಯದನ್ನು ಕೇಳಬಹುದು, ಕೋರ್ಟಿಗೂ ಬೇಕಾಗಬಹುದು. ನಿಮ್ಮಲ್ಲಿ ಕಾನೂನು ಏನು ಹೇಳುತ್ತದೆ ಅನ್ನುವುದು ಮೊದಲು. ಅದು ಏನೂ ಹೇಳದಿದ್ದರೆ, 2007ರಲ್ಲಿ ಅಮೆರಿಕದ ಸಂಘ ಕೊಟ್ಟ ಸಲಹೆ ಒಂದು ಅಳತೆ: ದೊಡ್ಡವರದ್ದಾದರೆ ಕೊನೆಯ ಭೇಟಿಯಿಂದ 7 ವರ್ಷ. ಮಕ್ಕಳದ್ದಾದರೆ ಅವರು ಪ್ರಾಪ್ತ ವಯಸ್ಕರಾಗಿ 3 ವರ್ಷ ಆಗುವವರೆಗೆ. ಎರಡರಲ್ಲಿ ಯಾವುದು ತಡವೋ ಅದು. ದಡ್ಡ ಪ್ರಶ್ನೆ ಏನಲ್ಲ. ಅಂದಹಾಗೆ ಅವರ ಮೊದಲ ಸಂಹಿತೆ, 1953ರದ್ದು, ತಯಾರಾದದ್ದೇ ಸದಸ್ಯರು ಬರೆದು ಕಳಿಸಿದ ಇಂಥ ನಿಜವಾದ ಪೇಚಾಟಗಳಿಂದ.

---

ಎರಡನೇ ಮಹಡಿ ಬರೆದದ್ದು:

ಎಲ್ಲರಿಗೂ ವಂದನೆ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಹಳೇ ಕುರ್ಚಿ ಅವರೇ, ನಿಮ್ಮ ಉತ್ತರ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಗಂಡ ಫೋನ್ ಎತ್ತಿದ ಆ ಕ್ಲೈಂಟ್‌ದು ಮಾರನೇ ದಿನವೇ ಸೆಷನ್ ಇತ್ತು. ಬರುತ್ತಾರೋ ಇಲ್ಲವೋ ಅಂತ ಕಿಟಕಿಯಲ್ಲೇ ನಿಂತಿದ್ದೆ. ಬಂದರು. ಸುರಕ್ಷಿತವಾಗಿದ್ದಾರೆ. ಆದರೆ ಆ ಫೋನಿನಿಂದಾಗಿ ಮನೆಯಲ್ಲಿ ಆಕೆ ಒಂದು ಸುಳ್ಳು ಹೇಳಬೇಕಾಯಿತು. ನನ್ನ ತಪ್ಪಿಗೆ ಸುಳ್ಳು ಹೇಳಿದ್ದು ಆಕೆ. ಮೂರು ಪ್ರಶ್ನೆ ಅವತ್ತೇ ಕೇಳಿ ಬರೆದುಕೊಂಡೆ: ಯಾವ ನಂಬರು, ಬೇರೆಯವರು ಎತ್ತಿದರೆ ಏನು, ಮೆಸೇಜ್ ಬಿಡಬಹುದಾ. ಆರು ವರ್ಷದಲ್ಲಿ ಯಾರನ್ನೂ ಕೇಳಿರಲಿಲ್ಲ. ಇದಕ್ಕಿಂತ ಜಾಸ್ತಿ ಇಲ್ಲಿ ಬರೆಯುವುದಿಲ್ಲ.

ಗುರುವಾರದವರಿಗೂ ಹೇಳಿದೆ. ಮೂರನೇ ಸೆಷನ್‌ನಿಂದ ಶುರು ಮಾಡಿ. ಹಿಂದಿನ ರಾತ್ರಿ ಒಂದು ಕಾಗದದಲ್ಲಿ ಬರೆದುಕೊಂಡು ಅಭ್ಯಾಸ ಮಾಡಿದ್ದೆ. ಮೊದಲ ಸಲ ಬರೆದದ್ದು ಒಂದೂವರೆ ಪುಟ, ಅದರಲ್ಲಿ ಅರ್ಧ ನನ್ನ ಸಮಜಾಯಿಷಿ. ಅದನ್ನೆಲ್ಲ ಹೊಡೆದುಹಾಕಿದ ಮೇಲೆ ಆರು ಸಾಲು ಉಳಿಯಿತು. ಆ ಆರು ಸಾಲು ಹೇಳಿದೆ. ಅಳಲಿಲ್ಲ. ಆವತ್ತಿನ ಫೀಸು ತೆಗೆದುಕೊಳ್ಳಲಿಲ್ಲ. ಆಕೆ ಏನಂದರು, ಇದ್ದಾರಾ ಹೋದರಾ, ಅದು ಆಕೆಯದು. ಕ್ಷಮಿಸಿ, ನೀವೆಲ್ಲ ಇಷ್ಟು ಸಹಾಯ ಮಾಡಿದ್ದೀರಿ, ಆದರೂ ಹೇಳುವುದಿಲ್ಲ.

ಸೂಪರ್‌ವಿಷನ್‌ಗೆ ಒಬ್ಬರನ್ನು ಹುಡುಕಿಕೊಂಡೆ, ತಿಂಗಳಿಗೆ ಎರಡು ಸಲ. ಅವರೂ ಒಬ್ಬರೇ ಪ್ರಾಕ್ಟೀಸ್ ಮಾಡುವವರು. ಲಕೋಟೆಯ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು "ನನ್ನದೂ ಇಲ್ಲ" ಅಂದರು. ಈಗ ನನ್ನ ಲಕೋಟೆ ಅವರ ಕಪಾಟಿನಲ್ಲಿ, ಅವರದು ನನ್ನ ಕಪಾಟಿನಲ್ಲಿ. ಒಪ್ಪಿಗೆ ಪತ್ರದಲ್ಲೂ ಒಂದು ಸಾಲು ಸೇರಿಸಿದ್ದೇನೆ: ನನಗೇನಾದರೂ ಆದರೆ ನಿಮಗೆ ಫೋನ್ ಮಾಡುವವರು ಇಂಥವರು, ನನ್ನ ಮನೆಯವರಲ್ಲ. ಹಳಬರಿಗೆಲ್ಲ ಹೊಸದಾಗಿ ಓದಿ ಹೇಳಿ ಸಹಿ ಮಾಡಿಸಿಕೊಳ್ಳುತ್ತಿದ್ದೇನೆ. ಇನ್ನೂ ಮೂವರು ಬಾಕಿ.

ನನ್ನ ಗಂಡನಿಗೆ ಒಂದು ಸಣ್ಣ ಚೀಟಿ ಕೊಟ್ಟೆ. ಒಂದು ಹೆಸರು, ಒಂದು ನಂಬರ್. ತಿರುಗಿಸಿ ಹಿಂದೆ ನೋಡಿ "ಇಷ್ಟೇನಾ?" ಅಂದರು. ಇಷ್ಟೇ ಅಂದೆ. ಪರ್ಸಿನಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತು ಬಿಟ್ಟು "ಆಫೀಸಿನಲ್ಲಿ ಆಕೆ ಎದುರಿಗೆ ಸಿಕ್ಕರೆ ಏನು ಮಾಡ್ಲಿ?" ಅಂತ ಕೇಳಿದರು. ಪಾಪ, ಅವರು ಈಗ ಲಿಫ್ಟ್ ಬಿಟ್ಟು ದಿನಾ ಮೆಟ್ಟಿಲು ಹತ್ತುತ್ತಿದ್ದಾರೆ. ನಾಲ್ಕು ಮಹಡಿ.

---

ಹಳೇ ಕುರ್ಚಿ ಬರೆದದ್ದು:

ಮೆಟ್ಟಿಲು ಬೇಡ ಅನ್ನಿ. ದಿನಾ ಲಿಫ್ಟಿನಲ್ಲಿ ಬರುತ್ತಿದ್ದವರು ಇದ್ದಕ್ಕಿದ್ದ ಹಾಗೆ ಮೆಟ್ಟಿಲು ಹಿಡಿದರೆ ಅದೂ ಆಕೆಯ ಕಣ್ಣಿಗೆ ಬೀಳುತ್ತದೆ. ಮುಂಚೆ ಹೇಗೆ ನಮಸ್ಕಾರ ಹೇಳುತ್ತಿದ್ದರೋ ಹಾಗೇ ಹೇಳಲಿ. ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ.